ಇನ್ನೂರೈವತ್ತು ಗಂಟೆಯ ಬಲ್ಬು

ಬಿಸಿ ತಗಡಿನ ಮೇಲೆ ಧೂಳು ಸುಡುವ ವಾಸನೆ ನನ್ನ ಬಾಲ್ಯದ್ದು. ಪೀಣ್ಯದಲ್ಲಿ ಅಪ್ಪನ ಕಾರ್ಖಾನೆಯ ಕಾಲೊನಿಯಲ್ಲಿ ವರ್ಷಕ್ಕೊಂದು ನಾಟಕ. ಪರದೆ ಏಳುವ ಮೊದಲು ದೊಡ್ಡ ದೀಪಗಳನ್ನು ಹಚ್ಚಿ ನೋಡುವಾಗ ಮುಂದಿನ ಸಾಲಿನ ಮಕ್ಕಳಿಗೆಲ್ಲ ಆ ವಾಸನೆ ಬರುತ್ತಿತ್ತು.

ಅರವತ್ತಾರನೆಯ ವಯಸ್ಸಿನಲ್ಲಿ, ಅದೇ ಸಭಾಂಗಣದಲ್ಲಿ, ನಾನೇ ದೀಪದ ಕೆಳಗೆ ನಿಲ್ಲುವವಳಿದ್ದೆ. ಹನ್ನೆರಡು ನಿಮಿಷದ ನಾಟಕ, ನಾನೊಬ್ಬಳೇ, ಒಂದು ಸ್ಪಾಟ್‌ಲೈಟು. ರಿಹರ್ಸಲ್‌ನಲ್ಲಿ ಅದರ ಬಲ್ಬು ಹೋಯಿತು. ಉತ್ಸಾಹದಲ್ಲಿ ಪೇಟೆಗೆ ಹೋಗಿ ಹೊಸದು ತಂದೆ. ಅದೇ ಸಾವಿರ ವಾಟು, ಅವೇ ಎರಡು ಪಿನ್ನು. ಹಚ್ಚಿದರೆ ಬೆಳಕು ಮಂಕಾಗಿ ಹರಡಿತು, ನಡುವೆ ನೆರಳಿನ ಮಚ್ಚೆ.

ದೀಪಗಳನ್ನು ನೋಡಿಕೊಳ್ಳುವವರು ರಾಮಪ್ರಸಾದ. ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಿಂದ ನಿವೃತ್ತರು, ಹೆಂಡತಿ ತೀರಿಕೊಂಡು ಆರು ವರ್ಷ. ಆ ವಾರ ಅವರೆದುರು ನಿಲ್ಲಲು ನನಗೆ ಮುಜುಗರ. ಅವರ ಮಗಳು ಸುಕೃತಿ ಬಂದು, ಅಪ್ಪನಿಗೆ ನೀವೆಂದರೆ ಇಷ್ಟ, ಕೇಳಲು ಸಂಕೋಚ, ಮದುವೆಯಾಗುತ್ತೀರಾ ಆಂಟಿ, ಭಾನುವಾರದೊಳಗೆ ಹೇಳಿ ಎಂದು ಹೋಗಿದ್ದಳು. ಕಾಲೇಜಿನಲ್ಲಿ ಪಾಠ ಮಾಡುತ್ತ ಒಂಟಿಯಾಗಿಯೇ ಉಳಿದವಳು ನಾನು. ಮನಸ್ಸು ಆಗಲೇ ಹೂಂ ಅಂದಿತ್ತು. ಪಕ್ಕದ ಮನೆಯ ಕಮಲಮ್ಮನವರು ಮಾತ್ರ ಕೊಕ್ಕೆ ಹಾಕಿದರು.

"ಎಪ್ಪತ್ತರ ಗಂಡಸಿಗೆ ಬೇಕಿರೋದು ಹೆಂಡ್ತಿ ಅಲ್ಲ ಕಣ್ರೀ, ಅಡುಗೆಯವಳು."

ಆ ಮಾತು ಹಲ್ಲಿನ ಸಂದಿಯ ನಾರಿನಂತೆ ಕಾಡುತ್ತಿತ್ತು.

ರಾಮಪ್ರಸಾದರು ನಾನು ತಂದ ಬಲ್ಬನ್ನು ಕರವಸ್ತ್ರದಲ್ಲಿ ಹಿಡಿದು ಬಿಚ್ಚಿದರು. ಬರಿಗೈ ತಾಕಿದರೆ ಬೆರಳಿನ ಜಿಡ್ಡು ಕೂತು ಗಾಜು ಒಡೆಯುತ್ತದಂತೆ. ಹಳೆಯದನ್ನೂ ಪಕ್ಕಕ್ಕಿಟ್ಟು ಸ್ಟೀಲ್ ಸ್ಕೇಲಿನಿಂದ ಅಳೆದರು. ಹೊಸದರ ಒಳಗಿನ ತಂತಿ ಕೆಲವೇ ಮಿಲಿಮೀಟರ್ ಕೆಳಗಿತ್ತು. ಹಿಂದಿನ ಕನ್ನಡಿಗೆ ಅದು ನೇರವಾಗಿ ಕೂರಬೇಕು ಎಂದು ವಿವರಿಸಿದರು. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. ಅಷ್ಟರಲ್ಲಿ, ಎಂಜಿನಿಯರುಗಳೂ ಹೀಗೇ ತರುತ್ತಾರೆ ಎಂದು ಆ ಮಾತು ಮುಗಿಸಿಬಿಟ್ಟರು.

ಅವರ ಸ್ಕೂಟರಿನಲ್ಲಿ ಪೀಣ್ಯ ಎರಡನೇ ಹಂತದ ದೊಡ್ಡಮುನಿಯಪ್ಪನ ಅಂಗಡಿಗೆ ಹೋದೆವು. ಹಳೆಯ ಬಲ್ಬಿನ ಅಳತೆಗೆ ಹೊಂದುವಂಥವು ಎರಡಿದ್ದವು.

"ಇದು ಏಳ್ನೂರೈವತ್ತು ಗಂಟೆ ಬರ್ತದೆ ಸಾರ್. ಅದು ಬರೀ ಇನ್ನೂರೈವತ್ತು. ಯಾರಾನ ಅದನ್ನ ತಗಂತಾರಾ?" ಎಂದ ದೊಡ್ಡಮುನಿಯಪ್ಪ.

ಎರಡನ್ನೂ ಹಚ್ಚಿ ತೋರಿಸಲು ಹೇಳಿದ ರಾಮಪ್ರಸಾದರು, ಕೈ ಒಡ್ಡುವಂತೆ ನನಗೆ ಸನ್ನೆ ಮಾಡಿದರು. ಹೆಚ್ಚು ಬಾಳುವ ಬಲ್ಬಿನ ಬೆಳಕಿನಲ್ಲಿ ನನ್ನ ಕೈ ಅರಿಶಿನ ಹಚ್ಚಿದಂತೆ ಕಂಡಿತು. ಇನ್ನೊಂದರಲ್ಲಿ ಬಳೆಯ ಹಸಿರು ಹಸಿರಾಗಿಯೇ ಇತ್ತು, ಚರ್ಮದ ಸುಕ್ಕೂ ನನ್ನದೇ. ನೋಡಿ ಮುಗಿದ ಮೇಲೂ ಅವರು ನೋಡುತ್ತಲೇ ಇದ್ದರು. ನಾನೂ ಕೈ ತೆಗೆಯಲಿಲ್ಲ.

"ಇದನ್ನೇ ಕೊಡಿ," ಎಂದು ರಾಮಪ್ರಸಾದರು ಎರಡನೆಯದನ್ನು ತೋರಿಸಿದರು.

"ಬೇಗ ಹೋಗ್ತದೆ ಸಾರ್."

"ಹೋದ್ರೆ ಬೇರೆ ಹಾಕ್ತೀನಿ. ಇವ್ರು ಇರೋ ಹಾಗೇ ಕಾಣ್ಬೇಕು."

"ಅಂಗೇಳಿ ಮತ್ತೆ," ಎಂದು ದೊಡ್ಡಮುನಿಯಪ್ಪ ನನ್ನ ಕಡೆ ನೋಡಿ ನಕ್ಕ. ರಾಮಪ್ರಸಾದರ ಕಿವಿ ಕೆಂಪಾಯಿತು. ಧೂಳೇ ಇಲ್ಲದ ಬಲ್ಬಿನ ಡಬ್ಬಿಯನ್ನು ಮತ್ತೆ ಮತ್ತೆ ಒರೆಸಿದರು.

ಸಭಾಂಗಣಕ್ಕೆ ಮರಳಿ, ಏಣಿ ಹತ್ತಿ, ಬಲ್ಬು ಕೂರಿಸಿದರು. ನಾನು ನಡುವೆ ನಿಂತೆ. ದುಂಡನೆಯ, ಶುಭ್ರವಾದ ಬೆಳಕು ಮೈಮೇಲೆ ಇಳಿಯಿತು. ಅದರಾಚೆ ಅವರ ಮುಖ ಕಾಣುತ್ತಿರಲಿಲ್ಲ. ಅದೇ ಧೈರ್ಯವಾಯಿತೇನೋ.

"ನಿಮ್ಗೆ ಬೇಕಿರೋದು ಹೆಂಡ್ತೀನಾ, ಅಡುಗೆಯವಳಾ?"

ಅವರು ಏಣಿಯ ಒಂದೊಂದೇ ಮೆಟ್ಟಿಲು ಇಳಿದು ಬಂದು ಬೆಳಕಿನ ಅಂಚಿನಲ್ಲಿ ನಿಂತರು.

"ಅಡುಗೆ ನಂಗೆ ಬರುತ್ತೆ ಮೇಡಂ. ನೀವು ರಿಹರ್ಸಲ್‌ಗೆ ಬರದಿದ್ದ ದಿನ ಯಾರ ಜೊತೆ ಮಾತಾಡ್ಲಿ ಅನ್ನೋದೇ ಗೊತ್ತಾಗಲ್ಲ."

ನನ್ನ ಹನ್ನೆರಡು ನಿಮಿಷದ ಮಾತೆಲ್ಲ ಮರೆತುಹೋಯಿತು.

"ಹಾಗಾದ್ರೆ ಮೇಡಂ ಅನ್ನೋದು ಬಿಡಿ," ಎಂದೆ. "ಊರ್ಮಿಳಾ ಅನ್ನಿ."

ಅವರು ಹೆಸರನ್ನು ತುಟಿಯಲ್ಲೇ ಒಮ್ಮೆ ಅಂದುಕೊಂಡರು. ಗಂಟೆ ಎರಡು ದಾಟಿತ್ತು. ರಿಹರ್ಸಲ್ ದಿನ ನಾನು ಊಟ ಬಿಡುವುದನ್ನು ಯಾವಾಗ ಗಮನಿಸಿದ್ದರೋ. ಸ್ಕೂಟರಿನಿಂದ ಊಟದ ಕ್ಯಾರಿಯರ್ ತಂದು, ಬೆಳಿಗ್ಗೆ ತಾವೇ ಮಾಡಿದ್ದ ಅನ್ನ, ನುಗ್ಗೇಕಾಯಿ ಸಾರು ಕಲಸಿ, ಚಮಚ ನನ್ನ ಕಡೆ ತಿರುಗಿಸಿ, ಡಬ್ಬಿಯನ್ನು ಕೈಗಿತ್ತರು.