ಮುಂದಿನ ಬೋಗಿಯ ನಿದ್ದೆ

ಬೋಗಿಯ ಬಾಗಿಲಿಗೆ ಹಾಕಿದ್ದ ಅರಗಿನ ಮುದ್ರೆ ಎರಡು ಹೋಳಾಗಿತ್ತು. ಬಾಗಿಲಿನಲ್ಲಿ ಲಾಕ್ ಇರಬೇಕಾದ ಜಾಗದಲ್ಲಿ ಒಂದು ಚೌಕದ ತೂತು ಮಾತ್ರ ಉಳಿದಿತ್ತು.

ಇದನ್ನು ಫೋನಿನಲ್ಲಿ ಹೇಳಿದವನು ಊರಾಚೆಯ ರೈಲ್ವೆ ಶೆಡ್ಡಿನ ವಾಚ್‌ಮನ್. ಹೇಳಿದ ಎನ್ನುವುದಕ್ಕಿಂತ ತೊದಲಿದ ಎನ್ನಬೇಕು.

"ಮೇಡಂ, ಟೀ ಕುಡಿಯೋಕೆ ಹೋಗಿದ್ದೆ ಅಷ್ಟೇ... ಬಂದು ನೋಡ್ತೀನಿ, ಲಾಕ್ ಇಲ್ಲ!"

"ಬರೀ ಟೀ ಕುಡಿದ್ರಾ? ಅಥವಾ ಅದರ ಜೊತೆ ಊರ ಸುದ್ದಿನೂ ಕುಡಿದ್ರಾ?"

ಹೀಗೆ ಕೇಳಿದವರು ನಮ್ಮ ಅತ್ತೆ. ರೈಲ್ವೆಯ ವಿಚಾರಣಾ ವಿಭಾಗಕ್ಕೆ ಅವರು ಮುಖ್ಯಸ್ಥೆ, ನಾನು ಸಹಾಯಕಿ. ಮೊದಲು ಅವರ ಕೈಕೆಳಗೆ ಕೆಲಸಕ್ಕೆ ಸೇರಿದೆ, ಆಮೇಲೆ ಅವರ ಮಗನನ್ನು ಮದುವೆಯಾದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಮನೆಯಲ್ಲೂ ಬಂದಿಲ್ಲ, ಆಫೀಸಿನಲ್ಲೂ ಬಂದಿಲ್ಲ.

ಆ ಲಾಕ್ ಸಾಮಾನ್ಯದ್ದಲ್ಲ. ಹಿಂದಿನ ವಾರ ಓಡುತ್ತಿದ್ದ ಲೋಕಲ್ ರೈಲಿನ ಬಾಗಿಲು ತಾನಾಗಿಯೇ ತೆರೆದುಕೊಂಡು ಒಬ್ಬ ಪ್ರಯಾಣಿಕ ಹಳಿಯ ಪಕ್ಕಕ್ಕೆ ಬಿದ್ದಿದ್ದ. ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ್ದ. ಆ ಬಾಗಿಲನ್ನು ರಿಪೇರಿ ಮಾಡಿದ ಶೆಡ್ಡಿನ ಫಿಟ್ಟರ್‌ನನ್ನು ಅದೇ ದಿನ ಕೆಲಸದಿಂದ ಅಮಾನತು ಮಾಡಿದ್ದರು. ಫಿಟ್ಟರ್ ಹೇಳುವುದು ಒಂದು: "ಅದು ಸವೆದ ಹಳೇ ಲಾಕ್. ನಾನು ಬೇಡ ಅಂದೆ. ಸೂಪರ್‌ವೈಸರ್ ಸಾಹೇಬ್ರೇ ಬಣ್ಣ ಹೊಡೆದು ಹಾಕಿದ್ರು." ಸೂಪರ್‌ವೈಸರ್ ಹೇಳುವುದು ಇನ್ನೊಂದು: "ಹೊಸ ಲಾಕ್ ಕೊಟ್ಟಿದ್ದೆ. ಅವನು ಸರಿಯಾಗಿ ಬಿಗಿ ಮಾಡಲಿಲ್ಲ." ಯಾರದು ನಿಜ ಎಂದು ಹೇಳಬೇಕಾದದ್ದು ಆ ಲಾಕ್ ಒಂದೇ. ಅದಕ್ಕೇ ಬೋಗಿಗೆ ಮುದ್ರೆ ಹಾಕಿ ಇಟ್ಟಿದ್ದೆವು. ಇವತ್ತು ಮಧ್ಯಾಹ್ನ ಎಲ್ಲರ ಎದುರು ಅದನ್ನು ಬಿಚ್ಚುವುದಿತ್ತು.

ಇನ್ನೊಂದು ಸಂಕಟದ ಮಾತು. ಬಿದ್ದವನು ಬೇರೆ ಯಾರೂ ಅಲ್ಲ, ಆ ಫಿಟ್ಟರ್‌ನ ಸ್ವಂತ ಭಾವ. ಅಕ್ಕನ ಗಂಡ.

ಸೂಪರ್‌ವೈಸರ್ ಅಷ್ಟರಲ್ಲೇ ನಮ್ಮ ಆಫೀಸಿಗೆ ಬಂದು ಕೂತಿದ್ದ. ಮಧ್ಯಾಹ್ನದ ವಿಚಾರಣೆಗೆ ದೊಡ್ಡ ಸಾಹೇಬರ ಜೊತೆ ಜೀಪಿನಲ್ಲಿ ಹೋಗಬೇಕಾಗಿತ್ತು. ಇಸ್ತ್ರಿ ಮಾಡಿದ ಶರ್ಟು, ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಅತ್ತೆ ಕೂರಲಿಲ್ಲ. ಯೋಚನೆ ಹತ್ತಿದರೆ ಅವರು ಕೂರುವವರೇ ಅಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಕೇಳಿದರು.

"ಬೆಳಗ್ಗೆ ಎಲ್ಲಿದ್ರಿ?"

"ರೈಲಲ್ಲಿ, ಮೇಡಂ. ಮೊದಲನೇ ಲೋಕಲ್ ಹತ್ತಿ ಬಂದೆ."

"ಯಾರಾದ್ರೂ ನೋಡಿದ್ರಾ?"

"ನೋಡಿದ್ರೂ ನನಗೆ ಗೊತ್ತಿಲ್ಲ, ನಿದ್ದೆ ಹೊಡೀತಿದ್ದೆ!" ಅವನು ನಕ್ಕ. "ನಮ್ಮ ರೈಲಿಗೆ ಎಂಜಿನ್ ಒಂದೇ ತುದೀಲಿ ಇರತ್ತಲ್ಲ. ಊರಾಚೆ ಹೋಗುವಾಗ ಮುಂದೆ ನಿಂತು ಎಳೆಯತ್ತೆ, ಈ ಕಡೆ ಬರುವಾಗ ಹಿಂದಿನಿಂದ ತಳ್ಳತ್ತೆ. ಡ್ರೈವರ್ ಮುಂದಿನ ಬೋಗಿಯ ಪುಟ್ಟ ಕೋಣೇಲಿ ಕೂತು ನಡೆಸ್ತಾನೆ. ಹಾಗಾಗಿ ಬೆಳಗ್ಗೆ ಮುಂದಿನ ಬೋಗೀಲಿ ಸದ್ದೂ ಇಲ್ಲ, ಹೊಗೇನೂ ಇಲ್ಲ. ಹೆಡ್ ಆಫೀಸಿಗೆ ಬರೋದಿದ್ರೆ ನಾನು ಯಾವಾಗಲೂ ಅಲ್ಲೇ ಕೂರೋದು."

"ಇವತ್ತು ಹೇಗಿತ್ತು ನಿದ್ದೆ?"

"ತೊಟ್ಟಿಲಲ್ಲಿ ಮಲಗಿದ ಹಾಗಿತ್ತು."

"ನಿನ್ನೆ ಶೆಡ್ಡಲ್ಲಿ ಇದ್ರಾ?"

"ಇಲ್ಲ, ರಜೆ ಹಾಕಿದ್ದೆ. ಮೇಡಂ, ಒಂದು ಮಾತು — ಆ ಹುಡುಗನ್ನ ನಾನೇ ಕೆಲಸ ಕಲಿಸಿ ಬೆಳೆಸಿದ್ದು. ಆದ್ರೂ ಹೇಳ್ತೀನಿ, ಲಾಕ್ ಹೋದ್ರೆ ಲಾಭ ಯಾರಿಗೆ? ಅವನಿಗೇ ಅಲ್ವಾ?"

ನನಗೂ ಹಾಗೇ ಅನ್ನಿಸಿತು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅದನ್ನೇ ಹೇಳಿದೆ. ಅತ್ತೆ ನನಗಿಂತ ಮುಂದೆ ಮುಂದೆ ನಡೆದರು. ಆ ವಯಸ್ಸಿಗೆ ಆ ನಡಿಗೆ! ನನಗೆ ಏದುಸಿರು ಬಂತು.

ಬೆಳಗ್ಗೆ ಬಂದಿದ್ದ ಲೋಕಲ್ ಇನ್ನೂ ಪ್ಲಾಟ್‌ಫಾರಂನಲ್ಲೇ ನಿಂತಿತ್ತು. ಅದೇ ಮತ್ತೆ ಊರಾಚೆಗೆ ಹೊರಡುವುದಿತ್ತು. ನಮ್ಮದು ಹಳಿ ಕೊನೆಯಾಗುವ ಸ್ಟೇಷನ್. ಗೇಟು ದಾಟಿದರೆ ರೈಲಿನ ಮೂತಿಯೇ ಎದುರಾಗುತ್ತದೆ. ಎಂಜಿನ್ ಗೇಟಿನ ಪಕ್ಕದಲ್ಲೇ ಬುಸುಗುಡುತ್ತಾ ಬಿಸಿಗಾಳಿಯನ್ನು ಮುಖಕ್ಕೆ ಊದುತ್ತಿತ್ತು. ನಾನು ಸೆರಗನ್ನು ಮೂಗಿಗೆ ಹಿಡಿದು ಓಡಿದೆ. ಅತ್ತೆ ಮಾತ್ರ ನೆಂಟರ ಮನೆ ಅಂಗಳದಲ್ಲಿ ನಿಂತ ಹಾಗೆ ಎಂಜಿನ್ನಿನ ಮುಂದೆ ನಿಂತುಬಿಟ್ಟರು. ಡ್ರೈವರ್‌ನನ್ನು ಕರೆದು ಎರಡು ಮಾತಾಡಿದರು. ಅವನು ಕೈಯಿಂದ ಗಾಳಿಯಲ್ಲಿ ಏನೋ ಮೂರು ಮೂಲೆಯ ಆಕಾರ ಬರೆದು ತೋರಿಸಿದ.

"ಆ ತುದಿಗೆ ಹೋಗಿ ಕೂರೋಣ ಬನ್ನಿ ಅತ್ತೆ," ಎಂದೆ.

"ಆಫೀಸ್ ಹೊತ್ತಲ್ಲಿ ಅತ್ತೆ ಯಾರೂ ಇಲ್ಲ. ಇಲ್ಲೇ ಕೂರೋಣ."

ಎಂಜಿನ್ನಿಗೆ ಅಂಟಿದ ಬೋಗಿಯಲ್ಲೇ ಕೂತೆವು. ದಾರಿಯುದ್ದಕ್ಕೂ ಗಡಗಡ ಸದ್ದು, ಕಿಟಕಿಯಿಂದ ಹೊಗೆ. ಅತ್ತೆ ಒಂದು ಕಿವಿ ಮುಚ್ಚಿಕೊಂಡು ಫೋನಿನಲ್ಲಿ ಕಿರುಚಿ ಮಾತಾಡಿದರು. ಪಕ್ಕದಲ್ಲೇ ಕೂತ ನನಗೆ ಒಂದಕ್ಷರ ಕೇಳಿಸಲಿಲ್ಲ.

ಶೆಡ್ಡಿನಲ್ಲಿ ವಾಚ್‌ಮನ್ ನಮ್ಮನ್ನು ಬೋಗಿಯ ಹತ್ತಿರ ಕರೆದೊಯ್ದ. ಲಾಕ್ ತೆಗೆದವನು ಅವಸರದಲ್ಲಿ ಕಿತ್ತಿರಲಿಲ್ಲ. ಬಿಚ್ಚಿದ ಸ್ಕ್ರೂಗಳನ್ನು ಮತ್ತೆ ಅದೇ ತೂತುಗಳಿಗೆ ಬೆರಳಲ್ಲಿ ತಿರುಗಿಸಿಟ್ಟು ಹೋಗಿದ್ದ. ಹೊರಗಿನ ಕಳ್ಳನ ಕೆಲಸ ಅಲ್ಲ, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

"ನೀವು ಟೀಗೆ ಹೋದದ್ದು ಯಾವಾಗ?"

"ಮೊದಲನೇ ಲೋಕಲ್ ಕೂಗಿ ಹೋಯ್ತು ಮೇಡಂ, ಅದಾದ ಮೇಲೆ. ಅಲ್ಲಿವರೆಗೂ ಮುದ್ರೆ ಗಟ್ಟಿಯಾಗಿತ್ತು, ನಾನೇ ಮುಟ್ಟಿ ನೋಡಿದ್ದೆ."

"ಫಿಟ್ಟರ್ ಬಂದಿದ್ನಾ?"

"ನಾನು ನೋಡಿಲ್ಲ. ಅವರಕ್ಕ ನೋಡಿದ್ದಾರೆ. ಪೊಲೀಸರಿಗೆ ಹೇಳಿದ್ದೂ ಅವರೇ."

ಅಕ್ಕ ಅದೇ ಶೆಡ್ಡಿನ ಹೊಲಿಗೆ ಕೋಣೆಯಲ್ಲಿ ರೈಲಿನ ಸೀಟುಗಳಿಗೆ ಕವರು ಹೊಲಿಯುವವಳು. ಗಂಡ ಆಸ್ಪತ್ರೆಯಲ್ಲಿದ್ದರೂ ಕೆಲಸಕ್ಕೆ ಬಂದಿದ್ದಳು. ನಾವು ಒಳಗೆ ಹೋದಾಗಲೂ ಮಿಷನ್ ನಿಲ್ಲಿಸಲಿಲ್ಲ.

"ತಮ್ಮನ್ನ ನೋಡಿದೆ ಅಂತ ನೀವೇ ಹೇಳಿದ್ದಾ?"

"ಹೌದು. ಆ ಬೋಗಿ ಹತ್ರ ನಿಂತಿದ್ದ. ಒಡಹುಟ್ಟಿದವನು ಅಂತ ಸುಳ್ಳು ಹೇಳಲಾ?"

"ಕೈಲಿ ಏನಾದ್ರೂ ಇತ್ತಾ?"

"ಇರಲಿಲ್ಲ. ನಾನು ಮುಖ ತಿರುಗಿಸಿಕೊಂಡು ಒಳಗೆ ಬಂದುಬಿಟ್ಟೆ. ಇವರು ಬಿದ್ದ ದಿನದಿಂದ ಅವನ ಜೊತೆ ಮಾತಿಲ್ಲ."

"ಅವನೇ ಕದ್ದಿದ್ದು ಅಂತೀರಾ?"

ಮಿಷನ್ ನಿಂತಿತು.

"ಅವನನ್ನ ಎತ್ತಿ ಆಡಿಸಿದವಳು ನಾನು, ಮೇಡಂ. ಇವತ್ತು ಲಾಕ್ ಬಿಚ್ಚಿದಾಗ ಅವನ ತಪ್ಪಿಲ್ಲ ಅಂತ ಗೊತ್ತಾದ್ರೆ ಸಾಕಪ್ಪಾ ಅಂತ ಬೆಳಗ್ಗೆಯಿಂದ ಬೇಡ್ಕೊಳ್ತಿದ್ದೆ. ಈಗ ಲಾಕೇ ಇಲ್ಲ. ತಪ್ಪಿಲ್ಲದವನು ಯಾಕೆ ಕದೀಬೇಕು? ನೀವೇ ಹೇಳಿ."

ಅತ್ತೆ ಆಗಲೇ ಬಾಗಿಲ ಕಡೆ ತಿರುಗಿದ್ದರು. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಸಿಟ್ಟೇ ಬಂತು.

ಫಿಟ್ಟರ್ ಹೊರಗಡೆ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಪೊಲೀಸ್ ಪೇದೆ. ಜೀಪು ಬಂದ ಕೂಡಲೇ ಅವನನ್ನು ಠಾಣೆಗೆ ಕರೆದೊಯ್ಯುವುದೆಂದು ಆಗಲೇ ತೀರ್ಮಾನವಾಗಿತ್ತು.

"ಅಮಾನತಾದವನು ಇಲ್ಲಿಗೆ ಯಾಕಪ್ಪಾ ಬಂದೆ?" ಅತ್ತೆ ಕೇಳಿದರು.

"ಕಾಯೋಕೆ."

"ಏನನ್ನ?"

"ಆ ಲಾಕನ್ನ. ಅದು ಹೋದ್ರೆ ನನ್ನ ಕಥೆ ಮುಗೀತು ಅಂತ ಗೊತ್ತಿತ್ತು ಮೇಡಂ. ವಾಚ್‌ಮನ್ ಬರೋವರೆಗೂ ಅಲ್ಲೇ ನಿಂತಿರಬೇಕು ಅಂತಿದ್ದೆ. ಅಷ್ಟರಲ್ಲಿ ಅಕ್ಕ ನೋಡಿದ್ಲು. ನೋಡಿ ಮುಖ ತಿರುಗಿಸಿಕೊಂಡ್ಲು. ಆಮೇಲೆ ನನಗೆ ನಿಲ್ಲೋಕೆ ಆಗಲಿಲ್ಲ."

"ಎಲ್ಲಿಗೆ ಹೋದೆ?"

"ಹಿಂದುಗಡೆ, ಹಾಳುಬಿದ್ದ ಹಳಿ ಇದೆಯಲ್ಲ, ಅಲ್ಲಿ ಕೂತಿದ್ದೆ. ಯಾರೂ ನೋಡಿಲ್ಲ. ನೀವು ನಂಬಲ್ಲ ಅಂತಾನೂ ಗೊತ್ತು."

"ಸ್ಕ್ರೂ ಬಿಚ್ಚಿ ಮತ್ತೆ ಅದೇ ತೂತಿಗೆ ಸಿಕ್ಕಿಸೋದು — ಆ ಪಾಠ ಯಾರದು?"

"ಸೂಪರ್‌ವೈಸರ್ ಸಾಹೇಬ್ರು ಕಲಿಸಿದ್ದು. ಕಳೀಬಾರದು ಅಂತ. ಶೆಡ್ಡಲ್ಲಿ ಎಲ್ಲರ ಕೈಗೂ ಅದೇ ಚಟ." ಅವನು ತಲೆ ಎತ್ತಿದ. "ಜೈಲಿಗೆ ಹಾಕಿದ್ರೂ ಹಾಕಲಿ ಮೇಡಂ. ಭಾವನ್ನ ಬೀಳಿಸಿದವನು ನಾನಲ್ಲ ಅಂತ ಅಕ್ಕನಿಗೆ ಒಂದು ಮಾತು ಹೇಳ್ತೀರಾ? ನಾನು ಹೇಳಿದ್ರೆ ಅವಳು ಕೇಳಲ್ಲ."

ಜೀಪಿನ ಹಾರ್ನ್ ಕೇಳಿಸಿತು. ದೊಡ್ಡ ಸಾಹೇಬರು, ಇನ್ಸ್‌ಪೆಕ್ಟರ್, ಹಿಂದೆ ಸೂಪರ್‌ವೈಸರ್ ಇಳಿದರು. ಇನ್ಸ್‌ಪೆಕ್ಟರ್ ನೇರವಾಗಿ ಫಿಟ್ಟರ್ ಕಡೆ ಹೊರಟರು.

"ನಿಲ್ಲಿ," ಎಂದರು ಅತ್ತೆ. "ಹೊಲಿಗೆ ಕೋಣೆಯಿಂದ ಆ ಅಕ್ಕನ್ನ ಕರೀರಿ. ಅವರೂ ಕೇಳಲಿ."

ಎಲ್ಲರೂ ಬೋಗಿಯ ಪಕ್ಕ ಸೇರಿದರು. ಅಕ್ಕ ಬಂದು ತಮ್ಮನಿಂದ ದೂರ ನಿಂತಳು. ಅತ್ತೆ ಎರಡು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ ನಡೆಯುತ್ತಾ ಮಾತು ಶುರುಮಾಡಿದರು.

"ಲಾಕ್ ಹೋದದ್ದು ಮೊದಲನೇ ಲೋಕಲ್ ಹೊರಟ ಮೇಲೆ. ಆ ರೈಲಲ್ಲಿ ಇದ್ದವರು ಯಾರೂ ಕದ್ದಿರೋಕೆ ಆಗಲ್ಲ. ಅಲ್ವಾ ಸೂಪರ್‌ವೈಸರ್?"

"ಅದನ್ನೇ ನಾನೂ ಹೇಳಿದ್ದು, ಮೇಡಂ."

"ಮುಂದಿನ ಬೋಗೀಲಿ ಕೂತಿದ್ರಿ?"

"ಹೌದು."

"ಸದ್ದಿಲ್ಲ, ಹೊಗೆ ಇಲ್ಲ, ತೊಟ್ಟಿಲಲ್ಲಿ ಮಲಗಿದ ಹಾಗೆ ನಿದ್ದೆ?"

"ಹೌದು ಮೇಡಂ. ಮತ್ತೆ ಮತ್ತೆ ಅದನ್ನೇ ಯಾಕೆ..."

"ಯಾಕೆ ಅಂದ್ರೆ, ಇವತ್ತು ಎಂಜಿನ್ ಇದ್ದದ್ದು ಮುಂದೆ."

ಸೂಪರ್‌ವೈಸರ್ ಬಾಯಿ ತೆರೆದ. ಅತ್ತೆ ಅವಕಾಶ ಕೊಡಲಿಲ್ಲ.

"ಹಳಿ ಒಂದೇ ಕಡೆ ಬಾಗಿದ್ರೆ ಚಕ್ರ ಒಂದೇ ಪಕ್ಕ ಸವೆಯತ್ತೆ. ಅದಕ್ಕೆ ಆಗಾಗ ಇಡೀ ರೈಲನ್ನ ಮೂರು ಮೂಲೆಯ ಹಳಿ ಮೇಲೆ ಓಡಿಸಿ ಹಿಂದುಮುಂದು ಮಾಡ್ತಾರೆ. ನಿನ್ನೆ ಮಾಡಿದ್ರು. ನೀವು ರಜೆಯಲ್ಲಿದ್ರಿ, ನಿಮಗೆ ಗೊತ್ತಾಗಲಿಲ್ಲ. ಹಿಂದಿನಿಂದ ತಳ್ಕೊಂಡು ಬಂದಿದ್ರೆ ಎಂಜಿನ್ ಆ ತುದೀಲಿ ಇರಬೇಕಿತ್ತು; ಗೇಟಿನ ಪಕ್ಕ ನೋಡಿ ನನಗೆ ಸಂಶಯ ಬಂತು, ಡ್ರೈವರ್‌ನ ಕೇಳಿದೆ. ಬೆಳಗ್ಗೆ ಅವನು ಎಂಜಿನ್ನಲ್ಲೇ ಕೂತು ರೈಲನ್ನ ಎಳ್ಕೊಂಡು ಬಂದಿದ್ದಾನೆ. ಅದಕ್ಕೆ ಅಂಟಿದ ಬೋಗೀಲಿ ನಾವೂ ಕೂತು ನೋಡಿದ್ವಿ. ಅಲ್ಲಿ ಕುಂಭಕರ್ಣನಿಗೂ ನಿದ್ದೆ ಬರಲ್ಲ."

ನಾನು ಆ ಎಂಜಿನ್ನಿನ ಮುಂದೆಯೇ ಮೂಗು ಮುಚ್ಚಿಕೊಂಡು ಓಡಿದ್ದೆ! ಕಣ್ಣಿಗೆ ರಾಚುವಷ್ಟು ದೊಡ್ಡದಾಗಿ ನಿಂತಿತ್ತು. ಯಾವ ತುದಿಯಲ್ಲಿದೆ ಎಂದು ನಾನು ಯೋಚಿಸಿರಲಿಲ್ಲ.

"ಹೊಸಬನಾಗಿದ್ರೆ ರೈಲಲ್ಲಿ ಬಂದೆ ಅಂತ ಹೇಳಿ ಸುಮ್ಮನಾಗ್ತಿದ್ದ," ಅತ್ತೆ ಹೇಳಿದರು. "ನಿಮಗೆ ರೈಲು ಚೆನ್ನಾಗಿ ಗೊತ್ತು. ಅದಕ್ಕೇ ಹೆಚ್ಚು ಮಾತಾಡಿದ್ರಿ. ದಿನದ ಅಭ್ಯಾಸವನ್ನೇ ಇವತ್ತಿನ ಸಾಕ್ಷಿ ಮಾಡಿದ್ರಿ."

"ಅಷ್ಟಕ್ಕೇ ನಾನು ಕಳ್ಳನಾ?" ಅವನ ದನಿ ಒಡೆಯಿತು. "ರೈಲಲ್ಲಿ ಬರದೆ ಮತ್ತೆ ಹೇಗೆ ಬಂದೆ, ಹಾರಿಕೊಂಡಾ?"

"ಬೈಕಲ್ಲಿ. ರೈಲು ಊರಿಗೊಂದು ಕಡೆ ನಿಂತು ಬರೋದ್ರೊಳಗೆ ಬೈಕು ಬಂದು ಸೇರತ್ತೆ."

ಅವನ ಕೈ ಪ್ಯಾಂಟಿನ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಇನ್ಸ್‌ಪೆಕ್ಟರ್ ಆ ಕೈಯನ್ನೇ ಹಿಡಿದು ಹೊರಗೆಳೆದರು. ಬೈಕಿನ ಕೀ.

"ರೈಲಿಂದಲೇ ನಿಮ್ಮ ಠಾಣೆಗೆ ಫೋನ್ ಮಾಡಿ ಇವರ ಬೈಕು ಹುಡುಕಿಸಿದೆ," ಅತ್ತೆ ಇನ್ಸ್‌ಪೆಕ್ಟರ್‌ಗೆ ಹೇಳಿದರು. "ಆಫೀಸಿನ ಹಿಂದಿನ ಓಣೀಲಿ ಸಿಕ್ಕಿದೆಯಂತೆ. ಬೈಕಿಗೆ ಹಾಕಿರೋ ಪೆಟ್ಟಿಗೆ ತೆಗೆಸಿ ಕೇಳಿ."

ಇನ್ಸ್‌ಪೆಕ್ಟರ್ ಫೋನ್ ಮಾಡಿದರು. ಆ ಕಡೆಯಿಂದ ಏನನ್ನೋ ಒಡೆದ ಸದ್ದು, ಆಮೇಲೆ ಪೇದೆಯ ದನಿ. ಎಣ್ಣೆಬಟ್ಟೆಯಲ್ಲಿ ಸುತ್ತಿದ ಲಾಕ್ ಇದೆ. ಮೇಲೆ ಹೊಸ ಬಣ್ಣ, ಕೆರೆದರೆ ಒಳಗೆಲ್ಲ ತುಕ್ಕು. ಲಾಕಿನ ನಾಲಿಗೆ ಸವೆದು ಅರ್ಧವಾಗಿದೆ.

"ಹೊಸ ಲಾಕ್ ಬಂದಿರಲಿಲ್ಲ," ಸೂಪರ್‌ವೈಸರ್ ನೆಲ ನೋಡುತ್ತಾ ಹೇಳಿದ. "ಎಲ್ಲ ಬೋಗಿ ರೆಡಿ ಅಂತ ದೊಡ್ಡ ಸಾಹೇಬ್ರಿಗೆ ಮಾತು ಕೊಟ್ಟುಬಿಟ್ಟಿದ್ದೆ... ಎರಡು ದಿನ ತಡೆಯತ್ತೆ ಅಂದ್ಕೊಂಡೆ. ಯಾರಿಗೂ ಏನೂ ಆಗಬಾರದು ಅಂತಾನೇ ಇದ್ದೆ."

"ಅವನು ಬೇಡ ಅಂದಿದ್ನಾ?" ಎಂದು ಅಕ್ಕ ಕೇಳಿದಳು. ದನಿ ತೀರ ಸಣ್ಣಗಿತ್ತು. "ನನ್ನ ತಮ್ಮ. ಹಾಕಬೇಡಿ ಅಂತ ಹೇಳಿದ್ನಾ?"

ಸೂಪರ್‌ವೈಸರ್ ತಲೆಯಾಡಿಸಿದ. "ಹೇಳಿದ್ದ. ಬೈದು ಬೇರೆ ಕೆಲಸಕ್ಕೆ ಕಳಿಸಿದೆ."

ಜೀಪು ಅವನನ್ನು ಹತ್ತಿಸಿಕೊಂಡು ಹೋಯಿತು. ದೊಡ್ಡ ಸಾಹೇಬರು ಅತ್ತೆಗೆ ಏನೋ ಹೊಗಳಿಕೆಯ ಮಾತು ಹೇಳಿದರು. ಅವರು ಅದನ್ನು ಕೇಳಿಸಿಕೊಳ್ಳದೆ ಬೋಗಿಯ ಆಚೆ ನೋಡುತ್ತಿದ್ದರು. ಮಾತು ಶುರುಮಾಡಿದಾಗಿನಿಂದ ಮೊದಲ ಸಲ ಅವರ ಕಾಲು ಒಂದು ಕಡೆ ನಿಂತಿತ್ತು.

ಅಲ್ಲಿ ಅಕ್ಕ ತಮ್ಮ ಎದುರುಬದುರು ನಿಂತಿದ್ದರು. ಫಿಟ್ಟರ್ ಹಳಿಯ ತುಕ್ಕು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸುತ್ತಲೇ ಇದ್ದ.

"ನಿಮ್ಮ ಭಾವ ದಿನಾ ಕೇಳ್ತಾರೆ," ಅಕ್ಕ ಕೊನೆಗೆ ಹೇಳಿದಳು. "ಅವನು ನನ್ನ ನೋಡೋಕೆ ಯಾಕೆ ಬರ್ತಿಲ್ಲ ಅಂತ. ಕೆಲಸ ಜಾಸ್ತಿ ಅಂತಾನೇ ಹೇಳ್ತಾ ಬಂದೆ. ನಾನೇ ಬರಬೇಡ ಅಂದಿದ್ದು ಅಂತ ಹೇಳಿಲ್ಲ." ಅವಳು ಕಣ್ಣೊರೆಸಿಕೊಂಡಳು. "ನಡಿ. ಇವತ್ತು ನಾನೇ ಹೇಳ್ತೀನಿ."

"ಇರು ಅಕ್ಕ," ಎಂದ ಅವನು. "ಕೈ ತೊಳ್ಕೊಂಡು ಬರ್ತೀನಿ."