ಪೂರ್ಣ ಅಂಕ ಪಡೆದ ಡಿಸ್ಚಾರ್ಜ್ ಸಮರಿ

ಸೋಮವಾರ ಬೆಳಗ್ಗೆ ಮರವಂತೆಯ ಅಮ್ಮಣಿ ಕುಂದಾಪುರ ಠಾಣೆಗೆ ಬಂದು ದೂರು ಕೊಟ್ಟರು. ಗಂಡ ಪಾಂಡು ವಾಲಗದವರು, ನಾಗಸ್ವರ ಊದುವವರು. ಬೈಪಾಸ್ ಆದ ಮೇಲೆ ಖಾಸಗಿ ಆಸ್ಪತ್ರೆಯೊಂದರ ಹೃದಯ ಪುನಶ್ಚೇತನ ವಿಭಾಗದಲ್ಲಿದ್ದು ಮನೆಗೆ ಮರಳಿದ್ದರು. ತೆಕ್ಕಟ್ಟೆಯ ಮದುವೆಯೊಂದರಲ್ಲಿ ಧಾರೆಯ ಹೊತ್ತಿಗೆ ಊದುತ್ತಿದ್ದವರು ಅಲ್ಲೇ ಕುಸಿದರು. ಈಗ ಉಡುಪಿಯ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದಾರೆ.

"ಊದ್ಲಕ್ಕ್ ಅಂದ್ ಯಾರ್ ಹೇಳಿದ್ದ್?" ಇನ್ಸ್‌ಪೆಕ್ಟರ್ ಅಕ್ಷಯಾ ಕೇಳಿದರು.

"ಇದ್ರಗೇ ಬರ್ದಿತ್ತಲೆ ಮೇಡಂ."

ಆಸ್ಪತ್ರೆ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಸಮರಿಯನ್ನು ಅಮ್ಮಣಿ ಮುಂದಿಟ್ಟರು. ರೋಗಿ ನಡಿಗೆ ಪರೀಕ್ಷೆಯನ್ನು ಸಲೀಸಾಗಿ ಮುಗಿಸಿದ್ದಾರೆ, ವಾದ್ಯ ನುಡಿಸುವುದು ಕೂತು ಮಾಡುವ ಹಗುರ ಕೆಲಸ, ಶುರುಮಾಡಬಹುದು ಎಂದಿತ್ತು. ನಾಗಸ್ವರದವರ ಕುತ್ತಿಗೆ ನರ ಉಬ್ಬುವುದನ್ನು ಒಮ್ಮೆ ಕಂಡವರೂ ಹಾಗೆ ಬರೆಯಲಾರರು.

"ಆಸ್ಪತ್ರೆಯಗೆ ಅವ್ರನ್ನ ನಡ್ಸಿ ಕಂಡಿರಾ?"

"ಎಲ್ಲಿ? ಬೈಪಾಸಿಗೆ ನರ ತೆಗ್ದ ಕಾಲ್ ಬಾತ್ಕಂಡಿತ್ತ್. ಗಾಲಿ ಕುರ್ಚಿಯಗೇ ಕಾರಿನ್ ತನ್ಕ ತಂದದ್ದ್."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಅಕ್ಷಯಾ, ಕಾನ್‌ಸ್ಟೇಬಲ್ ಚಂದಯ್ಯ ಆಸ್ಪತ್ರೆಗೆ ಹೋಗಿ ಪಂಚನಾಮೆ ಮಾಡಿ ಕಡತಗಳನ್ನು ವಶಕ್ಕೆ ಪಡೆದರು. ಗುಣಮಟ್ಟ ವಿಭಾಗದ ಡಾಕ್ಟರ್ ನಿತೇಶ್‌ಗೆ ಗಾಬರಿಗಿಂತ ಆಶ್ಚರ್ಯವೇ ಹೆಚ್ಚು.

"ನಾವು ಪ್ರತಿ ಸಮರಿಗೂ ಅಂಕ ಹಾಕ್ತೇವೆ ಮೇಡಂ. ಔಷಧಿ, ನಡಿಗೆ ಪರೀಕ್ಷೆ, ಕೆಲಸಕ್ಕೆ ಮರಳುವುದು, ಅಪಾಯದ ಲಕ್ಷಣ. ತುಂಬಿದ ಕಾಲಂಗೆಲ್ಲ ಅಂಕ ಉಂಟು. ಪಾಂಡು ಅವರದ್ದಕ್ಕೆ ಪೂರ್ಣ ಅಂಕ."

"ಬರೆದದ್ದು ಸುಳ್ಳಾದರೆ?"

ನಿತೇಶ್ ಅಂಕದ ಹಾಳೆ ತಿರುವಿ ನೋಡಿದರು. "ಅದನ್ನು ನಾವು ಅಳೆಯುವುದಿಲ್ಲ."

"ಹಂಗಾರೆ ಸುಳ್ಳಿಗೂ ಫಸ್ಟ್ ಕ್ಲಾಸಾ?" ಎಂದ ಚಂದಯ್ಯನನ್ನು ಅಕ್ಷಯಾ ಕಣ್ಣಲ್ಲೇ ಸುಮ್ಮನಾಗಿಸಿದರು. ಆದರೆ ಅವರ ತಲೆಗೂ ಅದೇ ಹುಳ ಹೊಕ್ಕಿತ್ತು. ಕಡಿಮೆ ಅಂಕ ಬಂದ ಸಮರಿಗಳಲ್ಲಿ ಏನಿದೆ?

ಅಂಥದ್ದೊಂದನ್ನು ಹಿಡಿದು ಮರುದಿನ ಬೈಂದೂರಿನ ರೋಗಿ ಜಲಜ ಅವರ ಮನೆಗೆ ಹೋದರು. 'ಮಂಡಿ ನೋವು, ನಡಿಗೆ ಪರೀಕ್ಷೆ ಆಗಲಿಲ್ಲ' ಎಂದು ಅದರಲ್ಲಿ ಬರೆದಿತ್ತು.

"ಹೌದೆ, ನಂಗೆ ನಡೂಕೇ ಆಯ್ಲಿಲ್ಲೆ," ಎಂದರು ಜಲಜ.

ಬರೆದದ್ದು ನಿಜ, ಅಂಕ ಮಾತ್ರ ಹೋಗಿತ್ತು. ಜಲಜರ ಸಮರಿಗೂ ಪಾಂಡು ಅವರದ್ದಕ್ಕೂ ಸಹಿ ಒಬ್ಬರದೇ, ಫಿಸಿಯೋಥೆರಪಿಸ್ಟ್ ಮಿಥುನ್. ಜಲಜರ ನಂತರ ಅವನು ಬರೆದ ಎಲ್ಲ ಸಮರಿಗಳಿಗೂ ಪೂರ್ಣ ಅಂಕ ಬಂದಿತ್ತು. ಎಲ್ಲದರಲ್ಲೂ ನಡಿಗೆ ಪರೀಕ್ಷೆಯ ಸಾಲು ಅಕ್ಷರ ಬಿಡದೆ ಒಂದೇ. ಸಂಜೆ ಬ್ರಹ್ಮಾವರದ ಮನೆಯಲ್ಲಿ ಸಿಕ್ಕಿದ ಮಿಥುನ್ ಜಗಳ ತೆಗೆಯಲಿಲ್ಲ.

"ಪಾಂಡು ಅವರನ್ನು ನಡೆಸಿದ್ದೀಯಾ?"

"ಇಲ್ಲೆ ಮೇಡಂ."

"ಮತ್ತೆ ಯಾಕೆ ಬರೆದೆ?"

"ಜಲಜಮ್ಮಂದ್ ನಿಜ ಬರ್ದೆ. ಮೀಟಿಂಗಗೆ ನಿತೇಶ್ ಡಾಕ್ಟ್ರ್ ಎಲ್ರ ಎದ್ರಿಗೆ ನಿಲ್ಸಿ, ನಿನ್ನಿಂದ ಸರಾಸರಿ ಇಳೀತ್ ಅಂದ್ರ್. ಇನ್ನೊಂದ್ಸಲ ಆರೆ ಕೆಲ್ಸಕ್ಕೆ ಬಪ್ಪುದ್ ಬ್ಯಾಡ ಅಂದ್ರ್. ಊದ್ಲಕ್ಕಾ ಅಂದ್ ಪಾಂಡಣ್ಣ ನನ್ನತ್ರ ಎರಡ್ ಸಲ ಕೇಂಡಿರ್. ನಂಗ್ ಗೊತ್ತಿರ್ಲಿಲ್ಲೆ. ಗೊತ್ತಿಲ್ಲೆ ಅಂದ್ ಬರ್ದ್ರೆ ಅಂಕ ಹೋತ್."

ಅವನನ್ನು ದಸ್ತಗಿರಿ ಮಾಡಿ ಜೀಪಿಗೆ ಹತ್ತಿಸಿದರು. ಅಕ್ಷಯಾ ಅವರಿಗೆ ಸಿಟ್ಟೂ ಬಂತು, ಪಾಪ ಅಂತಲೂ ಅನಿಸಿತು. ಸಮಾಧಾನವಂತೂ ಆಗಲಿಲ್ಲ. ನಿತೇಶರನ್ನೂ ವಿಚಾರಣೆಗೆ ಕರೆಯಲು ನೋಟಿಸ್ ಬರೆಸಿದರು.

ಗುರುವಾರ ಪಾಂಡು ಅವರಿಗೆ ಎಚ್ಚರವಾಯಿತು. ಹೇಳಿಕೆ ಪಡೆಯಲು ಹೋದ ಅಕ್ಷಯಾರನ್ನು ಅಮ್ಮಣಿ ಐಸಿಯು ಬಾಗಿಲಲ್ಲೇ ತಡೆದರು.

"ಮೇಡಂ, ಇವ್ರಿಗೆ ಇನ್ ಊದೂಕಾತ್ತಾ?"

ಆತ್ತ್ ಅಂದುಬಿಡುವುದು ಸುಲಭವಿತ್ತು, ಆ ಮುಖ ನೋಡಿದರೆ ಅದೇ ಬಾಯಿಗೆ ಬರುತ್ತಿತ್ತು.

"ನಂಗ್ ಗೊತ್ತಿಲ್ಲೆ ಅಮ್ಮಾ," ಎಂದರು ಅಕ್ಷಯಾ. "ಬನ್ನಿ, ಡಾಕ್ಟ್ರತ್ರ ಕೇಂಬ."