ಎರಡರಲ್ಲಿ ಒಂದು

"ಎರಡರಲ್ಲಿ ಒಂದು ನಿನಗೆ," ಎಂದು ನೀರಜಾಕ್ಷಿಯಮ್ಮ ಹೇಳಿದಾಗ ಭಾರ್ಗವಿ ಪತ್ರೊಡೆಗೆಂದು ತಂದ ಕೆಸುವಿನ ಎಲೆಗಳ ನಾರು ತೆಗೆಯುತ್ತಿದ್ದಳು. ಅತ್ತೆ ಎಲೆಯ ವಿಷಯವೇ ಹೇಳುತ್ತಿದ್ದಾರೆಂದು ತಿಳಿದು, "ಎರಡು ಕಟ್ಟು ಬೇಕಾಗ್ತದೆ ಅತ್ತೆ, ಎಲ್ಲರೂ ಇದ್ದಾರಲ್ಲ ಇವತ್ತು," ಎಂದಳು.

"ಎಲೆ ಅಲ್ಲ ಮಾರಾಯ್ತಿ. ಮಗು." ಅತ್ತೆ ಒಮ್ಮೆ ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದರು. "ದೇವರು ಅವಳಿಗೆ ಎರಡು ಕೊಟ್ಟದ್ದು ಸುಮ್ಮನೆಯಾ? ಒಂದು ಅವಳಿಗಿರಲಿ, ಒಂದನ್ನು ನೀನು ಸಾಕು. ಪದ್ಮನಾಭನ ಹತ್ರ ಮಾತಾಡಿ ಆಯ್ತು. ಹೂಂ ಹೇಳಿದ್ದಾನೆ."

ಭಾರ್ಗವಿಯ ಕೈಯಲ್ಲಿದ್ದ ಎಲೆ ಅಲ್ಲೇ ಹರಿಯಿತು. ಅಂದು ಬೆಳಿಗ್ಗೆಯಷ್ಟೇ ಓರಗಿತ್ತಿ ಸೌಪರ್ಣಿಕಾಳನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಿದ್ದವಳು ಅವಳೇ. ಅವಳಿ ಮಕ್ಕಳೆಂದು ಡಾಕ್ಟರು ಹೇಳಿದಾಗ ಸೌಪರ್ಣಿಕಾ ನಕ್ಕಿದ್ದಳು, ಅತ್ತಿದ್ದಳು, ಆಮೇಲೆ ಭಾರ್ಗವಿಯ ಹೆಗಲಿಗೆ ಒರಗಿ, "ಅಕ್ಕ, ನೀವಿದ್ದೀರಲ್ಲ, ನನಗೆ ಹೆದರಿಕೆ ಇಲ್ಲ," ಎಂದಿದ್ದಳು.

"ಸೌಪರ್ಣಿಕಾಗೆ ಹೇಳಿದ್ದೀರಾ ಅತ್ತೆ?"

"ಈಗ ಬೇಡ. ಬಸುರಿಯ ತಲೆ ಯಾಕೆ ಬಿಸಿ ಮಾಡುವುದು? ಹೆರಿಗೆಯಾಗಲಿ, ಎರಡು ಸಾಕುವ ಕಷ್ಟ ಅವಳಿಗೇ ಗೊತ್ತಾಗಲಿ. ಆಗ ನಾನೇ ಹೇಳ್ತೇನೆ."

ಉರ್ವದ ಆ ಮನೆಯಲ್ಲಿ ನೀರಜಾಕ್ಷಿಯಮ್ಮನ ಮಾತಿಗೆ ಎದುರಾಡಿದವರಿರಲಿಲ್ಲ. ಅವರ ಗಂಡ ಕಮಲಾಕ್ಷ ಭಟ್ಟರು ಹತ್ತಿರದ ದೇವಸ್ಥಾನದ ಅರ್ಚಕರು, ಮಿತಭಾಷಿ. ಕಿರಿಯ ಮಗ, ಸೌಪರ್ಣಿಕಾಳ ಗಂಡ ಪದ್ಮನಾಭ, ತಂದೆಯೊಂದಿಗೆ ಪೂಜೆಗೆ ನಿಲ್ಲುತ್ತಿದ್ದ. ಹಿರಿಯವನು ಕೃಷ್ಣಕಿಶೋರ್, ಕಾಲೇಜೊಂದರ ಆಫೀಸಿನಲ್ಲಿ ಕೆಲಸ. ಅವನ ಕೈ ಹಿಡಿದು ಬಂದ ಭಾರ್ಗವಿ ಹೈಸ್ಕೂಲ್ ಟೀಚರು. ಮದುವೆಯಾಗಿ ಒಂಬತ್ತು ವರ್ಷ ಕಳೆದಿತ್ತು. ಎರಡು ಸಲ ಬಸಿರು ನಿಂತು ಎರಡು ಸಲವೂ ಇಳಿದುಹೋಗಿತ್ತು. ಆಮೇಲೆ ಔಷಧಿ, ಇಂಜೆಕ್ಷನ್, ಹರಕೆಗಳ ದೊಡ್ಡ ಸುತ್ತು ಮುಗಿದು, ಕಳೆದ ವರ್ಷ ಡಾಕ್ಟರೇ, "ಇನ್ನು ದೇಹಕ್ಕೆ ಹಿಂಸೆ ಕೊಡಬೇಡಿ," ಎಂದುಬಿಟ್ಟಿದ್ದರು. ಅಂದಿನಿಂದ ನಾಮಕರಣ, ಸೀಮಂತಗಳ ಕರೆ ಬಂದಾಗಲೆಲ್ಲ ಶಾಲೆಯ ಕೆಲಸದ ನೆಪ ಹೇಳಿ ತಪ್ಪಿಸಿಕೊಳ್ಳುವುದನ್ನು ಅವಳು ಕಲಿತಿದ್ದಳು.

ಅಂಥವಳಿಗೆ ಒಂದು ಮಗು. ಬೇಡವೆನ್ನಲು ಬಾಯಿ ಬರುವುದು ಹೇಗೆ?

ಸಂಜೆ ಗಂಡನಿಗೆ ಹೇಳಹೊರಟರೆ ಅವನಿಗೆ ಮೊದಲೇ ಗೊತ್ತಿತ್ತು. ಹಿಂಬದಿಯ ಸಣ್ಣ ಕೋಣೆಯಲ್ಲಿದ್ದ ಹಳೆಯ ಕಪಾಟನ್ನು ಆಚೆಗೆ ಸರಿಸುತ್ತ ನಿಂತಿದ್ದ ಅವನ ಮುಖದಲ್ಲಿ ಅವಳು ಎಷ್ಟೋ ಕಾಲದಿಂದ ಕಾಣದ ಕಳೆಯಿತ್ತು. "ಇಲ್ಲಿ ಬೆಳಿಗ್ಗೆ ಒಳ್ಳೆ ಬಿಸಿಲು ಬರ್ತದೆ," ಎಂದ. ಆಮೇಲೆ ಅವಳ ಮುಖ ನೋಡಿ, "ಮಗು ಬೇರೆ ಎಲ್ಲಿಗೂ ಹೋಗುವುದಿಲ್ಲವಲ್ಲ ಭಾರ್ಗವಿ. ಒಂದೇ ಮನೆ. ತಾಯಿಗೆ ದಿನಾ ಕಾಣ್ತದೆ. ಇದರಲ್ಲಿ ಅನ್ಯಾಯ ಎಂತ ಉಂಟು?" ಎಂದು ಕೇಳಿದ. ಅದು ತನ್ನನ್ನೇ ತಾನು ಒಪ್ಪಿಸಿಕೊಳ್ಳುವವನ ಧ್ವನಿಯಾಗಿತ್ತು. ಕಪಾಟಿನ ಇನ್ನೊಂದು ತುದಿಗೆ ಕೈ ಹಚ್ಚಿದಳು.

ಮಳೆಗಾಲವೆಲ್ಲ ಹಾಗೇ ಕಳೆಯಿತು. ಸೌಪರ್ಣಿಕಾಳಿಗೆ ವಾಂತಿಯಾದರೆ ಬೆನ್ನು ನೀವುವವಳು ಭಾರ್ಗವಿ, ಶಾಲೆಯಿಂದ ಬರುವಾಗ ಅವಳು ಬಯಸಿದ ನೆಲ್ಲಿಕಾಯಿ ತರುವವಳು ಭಾರ್ಗವಿ. ಆದರೆ ಮೊದಲು ಬರೀ ಪ್ರೀತಿಯಿಂದ ಮಾಡುತ್ತಿದ್ದ ಕೆಲಸದಲ್ಲಿ ಈಗ ಇನ್ನೇನೋ ಬೆರೆತಿತ್ತು. ಹಾಲಿನ ಲೋಟ ಖಾಲಿಯಾಗುವವರೆಗೆ ಅವಳು ಎದುರೇ ನಿಲ್ಲುತ್ತಿದ್ದಳು. ಸೌಪರ್ಣಿಕಾ ಮೆಟ್ಟಿಲಿಳಿಯುವಾಗ ಓಡಿಹೋಗಿ ತೋಳು ಹಿಡಿಯುತ್ತಿದ್ದಳು. ತಾನು ಕಾಯುತ್ತಿರುವುದು ಓರಗಿತ್ತಿಯನ್ನೋ ಅವಳ ಹೊಟ್ಟೆಯನ್ನೋ ಎಂದು ಮನಸ್ಸು ಕೇಳಿದಾಗ ಬೇಗ ಬೇಗ ಬೇರೆ ಕೆಲಸಕ್ಕೆ ತೊಡಗುತ್ತಿದ್ದಳು.

ನವರಾತ್ರಿ ಕಳೆದ ಮೇಲೆ ಮೂವರು ಹೆಂಗಸರೂ ಹಂಪನಕಟ್ಟೆಯ ಅಂಗಡಿಗೆ ಬಟ್ಟೆ ತೆಗೆಯಲು ಹೋದರು. ಮಗು ಹುಟ್ಟುವ ಮೊದಲು ಹೊಸ ಅಂಗಿ ಕೊಳ್ಳಬಾರದೆಂಬ ಶಾಸ್ತ್ರವಿದ್ದುದರಿಂದ ಮೆತ್ತನೆಯ ಹತ್ತಿಯ ಬಟ್ಟೆ ಮಾತ್ರ ಬೇಕಾಗಿತ್ತು. "ಎರಡಕ್ಕೂ ಒಂದೇ ರೀತಿಯದ್ದು ಕೊಡಿ," ಎಂದು ಸೌಪರ್ಣಿಕಾ ಅಂಗಡಿಯವನಿಗೆ ಹೇಳಿದಳು.

"ಒಂದಕ್ಕೆ ನೀನು ನೋಡು. ಇನ್ನೊಂದಕ್ಕೆ ಭಾರ್ಗವಿ ಆರಿಸಲಿ," ಎಂದರು ನೀರಜಾಕ್ಷಿಯಮ್ಮ.

ಸೌಪರ್ಣಿಕಾ ಅದನ್ನು ಪ್ರೀತಿಯ ಮಾತೆಂದೇ ತಿಳಿದು, "ಹೌದಕ್ಕ, ನೀವೇ ಆರಿಸಿ. ನಿಮ್ಮ ಸೆಲೆಕ್ಷನ್ ಯಾವಾಗಲೂ ಚಂದ," ಎಂದು ಸ್ಟೂಲಿನ ಮೇಲೆ ಕುಳಿತಳು. ಭಾರ್ಗವಿಯ ಬೆರಳುಗಳು ಬಟ್ಟೆಯಿಂದ ಬಟ್ಟೆಗೆ ಜಾರಿದವು. ತಿಳಿಹಳದಿಯ ಒಂದು ತುಂಡನ್ನು ಎತ್ತಿ ಕೆನ್ನೆಗೆ ಒತ್ತಿ ನೋಡಿದಳು. ಕತ್ತೆತ್ತಿದರೆ ಅತ್ತೆ ತೃಪ್ತಿಯಿಂದ ತನ್ನನ್ನೇ ನೋಡುತ್ತಿದ್ದಾರೆ... ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಬಟ್ಟೆಯನ್ನು ಕೆಳಗಿಟ್ಟಳು.

ಮುಂದಿನ ಭಾನುವಾರ ಅಣ್ಣತಮ್ಮಂದಿರಿಬ್ಬರೂ ಹೆಂಡತಿಯರನ್ನು ತಣ್ಣೀರುಬಾವಿಯ ಕಡಲ ತೀರಕ್ಕೆ ಕರೆದೊಯ್ದರು. ಗಂಡಸರು ಚರುಮುರಿ ತರಲು ಹೋದಾಗ ಗಾಳಿಮರದ ನೆರಳಿನಲ್ಲಿ ಇವರಿಬ್ಬರೇ ಉಳಿದರು. ಸೌಪರ್ಣಿಕಾ ಭಾರ್ಗವಿಯ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು.

"ಈ ಬಲಗಡೆಯದ್ದು ಪೋಕ್ರಿ ಅಕ್ಕ, ಒಂದು ಗಳಿಗೆ ಸುಮ್ಮನಿರುವುದಿಲ್ಲ. ಎಡಗಡೆಯದ್ದು ಪಾಪ. ಅದು ಅಲುಗಾಡದಿದ್ದರೆ ನನಗೆ ಜೀವ ಇಲ್ಲ. ಆಗ ಈ ಪೋಕ್ರಿಯ ಹತ್ರ ಹೇಳ್ತೇನೆ, ಒಮ್ಮೆ ಎಬ್ಬಿಸಿ ನೋಡು ಅಂತ." ಅವಳು ನಕ್ಕಳು. ಆ ನಗು ಬಹಳ ಹೊತ್ತು ನಿಲ್ಲಲಿಲ್ಲ. "ಒಂದು ಸ್ವಲ್ಪ ಸಣ್ಣದುಂಟು ಅಂತ ಡಾಕ್ಟ್ರು ಹೇಳಿದ್ರಲ್ಲ. ಅಮ್ಮ ಫೋನಿನಲ್ಲಿ ಸಮಾಧಾನ ಹೇಳಿದ್ರು, ದೇವರು ಒಂದನ್ನಾದರೂ ಉಳಿಸಿ ಕೊಟ್ಟರೆ ಸಾಕು ಅಂತ. ನಾನು ಜಗಳ ಮಾಡಿ ಫೋನ್ ಇಟ್ಟೆ. ಒಂದು ಸಾಕು ಅಂತ ಹೇಗೆ ಹೇಳುವುದು ಅಕ್ಕ? ನನಗೆ ಇಬ್ಬರ ಗುರುತೂ ಸಿಕ್ಕಿದೆ ಈಗ."

ಭಾರ್ಗವಿಯ ಅಂಗೈಯಡಿಯಲ್ಲಿ ಏನೋ ಮೆಲ್ಲನೆ ಹೊರಳಿತು. ಎಡಗಡೆ. ಅದೇ ಕ್ಷಣದಲ್ಲಿ ಅವಳ ಮನಸ್ಸಿನಲ್ಲಿ ಒಂದು ಮಾತು ಮೂಡಿತು: ಈ ಪಾಪದ್ದು ನನಗಿರಲಿ. ಮೂಡಿದ ಮರುಗಳಿಗೆಯೇ ಬೆಂಕಿ ಮುಟ್ಟಿದವಳಂತೆ ಕೈ ಹಿಂದೆಳೆದಳು. ತಾಯಿ ತನ್ನ ಭಯವನ್ನು ತೋಡಿಕೊಳ್ಳುತ್ತಿದ್ದರೆ ತಾನು ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಪಾಲು ಆರಿಸುತ್ತಿದ್ದೇನೆ! ಚರುಮುರಿ ಬಂತು. ಅವಳು ತನ್ನ ಪೊಟ್ಟಣವನ್ನು ಗಂಡನ ಕೈಗೇ ಕೊಟ್ಟಳು.

ಮರುದಿನ ಶಾಲೆಗೆ ಹೊರಡುವ ಮೊದಲು ಅವಳು ಅಡುಗೆಮನೆಯಲ್ಲಿ ಅತ್ತೆಯ ಎದುರು ನಿಂತಳು. "ಅತ್ತೆ, ಸೌಪರ್ಣಿಕಾಳನ್ನು ಕೇಳಿ. ಅವಳು ಮನಸ್ಸಿನಿಂದ ಕೊಡ್ತೇನೆ ಅಂದರೆ ಮಾತ್ರ. ಇಲ್ಲದಿದ್ದರೆ ನನಗೆ ಬೇಡ."

"ಕೇಳಿದರೆ ಯಾವ ತಾಯಿ ಕೊಡ್ತಾಳೆ?"

"ಹಾಗಾದರೆ ನಿಮಗೂ ಗೊತ್ತುಂಟು."

ನೀರಜಾಕ್ಷಿಯಮ್ಮನ ಮುಖ ಕೆಂಪಾಯಿತು. "ನನಗೆ ಬುದ್ಧಿ ಹೇಳ್ತೀಯಾ? ಯಾರಿಗೋಸ್ಕರ ಮಾಡಿದ್ದು ನಾನು? ಹೋದಲ್ಲೆಲ್ಲ, ದೊಡ್ಡ ಸೊಸೆಗೆ ಎಂತ ವಿಶೇಷ ಇಲ್ವಾ ಅಂತ ಕೇಳುವವರಿಗೆ ಉತ್ತರ ಕೊಟ್ಟವಳು ನಾನು. ನನ್ನ ದೊಡ್ಡ ಮಗ ಮಕ್ಕಳಿಲ್ಲದೆ ಮುದುಕನಾಗುವುದನ್ನು ನೋಡ್ತಾ ಸಾಯಬೇಕಾ ನಾನು? ನಿನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮಡಿಲಿಗೆ ಹಾಕಿದ್ದನ್ನಾದರೂ ಇಟ್ಟುಕೊಳ್ಳಲಿಕ್ಕೆ ಯೋಗ್ಯತೆ ಬೇಡವಾ?"

ಮಾತು ಆಡಿದ ಮೇಲೆ ಅವರಿಗೇ ಹೆಚ್ಚಾಯಿತೆನಿಸಿರಬೇಕು. ಒಲೆಯ ಕಡೆ ತಿರುಗಿ ಉಕ್ಕದ ಹಾಲನ್ನು ಇಳಿಸಿದರು. ಭಾರ್ಗವಿ ಶಾಲೆಯ ಚೀಲವನ್ನು ಕೆಳಗಿಟ್ಟಳು. ಅಳು ಬರಲಿಲ್ಲ. ನೇರ ಸೌಪರ್ಣಿಕಾಳ ಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕುಳಿತು ಎಲ್ಲವನ್ನೂ ಹೇಳಿದಳು.

ಸೌಪರ್ಣಿಕಾ ಎರಡೂ ಕೈಗಳಿಂದ ಹೊಟ್ಟೆಯನ್ನು ಅಪ್ಪಿಕೊಂಡು ಕೇಳಿದಳು. "ಇವರಿಗೆ ಗೊತ್ತುಂಟಾ?"

"ಉಂಟು."

"ಭಾವನಿಗೆ?"

"ಉಂಟು."

"ನಿಮಗೆ... ನಿಮಗೆ ಯಾವಾಗಿಂದ ಗೊತ್ತು ಅಕ್ಕ?"

"ಸ್ಕ್ಯಾನಿಂಗ್ ಆದ ದಿನದಿಂದ."

ಸೌಪರ್ಣಿಕಾ ಅವಳನ್ನೇ ನೋಡಿದಳು. ತಣ್ಣೀರುಬಾವಿ, ಹಂಪನಕಟ್ಟೆಯ ಅಂಗಡಿ, ದಿನವೂ ಎದುರು ನಿಂತು ಕುಡಿಸಿದ ಹಾಲು, ಎಲ್ಲವೂ ಒಂದೊಂದಾಗಿ ಆ ಕಣ್ಣುಗಳಲ್ಲಿ ಬೇರೆ ಅರ್ಥ ಪಡೆಯುತ್ತಿರುವುದು ಭಾರ್ಗವಿಗೆ ಕಂಡಿತು. ಕೊನೆಗೆ ಅವಳು ಮೆಲ್ಲಗೆ ಹೇಳಿದಳು, "ನೀವು ಸ್ವಲ್ಪ ಹೊರಗೆ ಹೋಗಿ."

ಆ ಸಂಜೆಯೇ ಅವಳ ತಂದೆ ಕಿನ್ನಿಗೋಳಿಯಿಂದ ಕಾರು ಮಾಡಿಕೊಂಡು ಬಂದರು. ಪದ್ಮನಾಭ ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದ. "ಅಮ್ಮನಿಗೆ ಇಲ್ಲ ಹೇಳಿ ನನಗೆ ಅಭ್ಯಾಸ ಇಲ್ಲ," ಎಂದ. "ಅಭ್ಯಾಸ ಆದ ಮೇಲೆ ಬನ್ನಿ," ಎಂದು ಸೌಪರ್ಣಿಕಾ ಕಾರು ಹತ್ತಿದಳು. ಭಾರ್ಗವಿಯ ಕಡೆ ನೋಡಲಿಲ್ಲ.

ಮನೆಯಲ್ಲಿ ಯಾರೂ ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಅತ್ತೆ ಅವಳು ಬಡಿಸಿದ್ದನ್ನು ಬಿಟ್ಟು ತಾವೇ ಬಡಿಸಿಕೊಂಡರು. ಅದನ್ನಾದರೂ ಸಹಿಸಬಹುದಿತ್ತು. ಗಂಡ ಸಣ್ಣ ಕೋಣೆಯ ಬಾಗಿಲು ಎಳೆದು ಚಿಲಕ ಹಾಕಿ, "ನೀನು ಹೇಳದಿದ್ದರೆ ಇನ್ನು ಸ್ವಲ್ಪ ದಿನ ಆಸೆಯಾದರೂ ಇರ್ತಿತ್ತು," ಎಂದಾಗ ಅವಳ ಜೀವವೇ ಬಾಡಿತು. ಅವನು ರೇಗಿದ್ದರೆ ಎದುರು ಮಾತಾಡುತ್ತಿದ್ದಳು. ಅವನು ಮಗುವಿನಂತೆ ಮುಖ ಸಣ್ಣದು ಮಾಡಿ ಕುಳಿತಿದ್ದ.

ಊಟದ ಹೊತ್ತಿಗೆ ಕಮಲಾಕ್ಷ ಭಟ್ಟರು ಎಲ್ಲರ ಮುಂದೆಯೇ, ಅನ್ನ ಕಲಸುತ್ತ, ಹೆಂಡತಿಗೆ ಹೇಳಿದರು: "ಮಕ್ಕಳು ದೇವಸ್ಥಾನದ ಪ್ರಸಾದ ಅಲ್ಲ ನೀರಜಾ, ಹಂಚಲಿಕ್ಕೆ. ದೊಡ್ಡವಳು ಸರಿಯಾದದ್ದನ್ನೇ ಮಾಡಿದ್ದು." ನೀರಜಾಕ್ಷಿಯಮ್ಮ ಎದ್ದು ಒಳಗೆ ಹೋದರು. ಭಾರ್ಗವಿಗೆ ಆಗ ಅಳು ಬಂತು.

ಪದ್ಮನಾಭ ತಾಯಿಗೆ ಹೇಳಬೇಕಾದದ್ದನ್ನು ಹೇಳಿ ಕಿನ್ನಿಗೋಳಿಗೆ ಹೋದ, ಮತ್ತೆ ಮತ್ತೆ ಹೋದ. ಹೆಂಡತಿ ಅವನನ್ನು ಕ್ಷಮಿಸಿದಳು. ಭಾರ್ಗವಿಯ ಫೋನನ್ನು ಮಾತ್ರ ಎತ್ತಲಿಲ್ಲ. ಸೀಮಂತ ತವರಿನಲ್ಲೇ ನಡೆಯಿತು.

ಒಂದು ಮಧ್ಯಾಹ್ನ ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದಾಗ ಪದ್ಮನಾಭನ ಕರೆ ಬಂತು. "ಅತ್ತಿಗೆ, ದಿನ ತುಂಬುವ ಮೊದಲೇ ನೋವು ಬಂದಿದೆ. ಸ್ಕ್ಯಾನಿಂಗ್ ಮಾಡಿಸಿದ ಆಸ್ಪತ್ರೆಗೇ ಕರ್ಕೊಂಡು ಬಂದಿದ್ದೇವೆ, ಆಪರೇಶನ್ ಅಂತೆ." ಅವಳು ಆಸ್ಪತ್ರೆ ತಲಪುವಾಗ ಎರಡೂ ಹುಟ್ಟಿದ್ದವು, ಒಂದು ಗಂಡು, ಒಂದು ಹೆಣ್ಣು. ಗಂಡುಮಗು ಜೋರಾಗಿ ಅಳುತ್ತಿತ್ತಂತೆ. ಹೆಣ್ಣುಮಗು ಬಹಳ ಸಣ್ಣದು, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಸೌಪರ್ಣಿಕಾಳ ತಾಯಿ ಕಾರಿಡಾರಿನಲ್ಲಿ ಭಾರ್ಗವಿಯನ್ನು ಕಂಡು ಮುಖ ತಿರುಗಿಸಿದರು. ಅವಳು ದೂರದ ಬೆಂಚಿನಲ್ಲಿ ಕುಳಿತಳು. ಆಮೇಲೆ ದಿನವೂ ಗಂಜಿ ಮಾಡಿ ತಂದು ಪದ್ಮನಾಭನ ಕೈಗೆ ಕೊಟ್ಟು, ಅದೇ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು ಹಿಂದಿರುಗುತ್ತಿದ್ದಳು. ಒಳಗೆ ಹೋಗಬೇಕೆಂದು ಕೇಳಲಿಲ್ಲ.

ವಾರ ಕಳೆದ ಮೇಲೆ ನರ್ಸ್ ಆಗ್ನೆಸ್ ಹೊರಗೆ ಬಂದರು. "ಸಣ್ಣ ಮಗುವನ್ನು ಪೆಟ್ಟಿಗೆಯಿಂದ ತೆಗೆದದ್ದು. ಈಗ ಎದೆಗೆ ಹಚ್ಚಿ ಹಿಡೀಬೇಕು, ಮೈಯ ಬಿಸಿ ಸಿಗಬೇಕು. ತಾಯಿಗೆ ಜ್ವರ ಉಂಟು, ಅಜ್ಜಿಗೆ ಕೆಮ್ಮು. ಇಲ್ಲಿ ಭಾರ್ಗವಿ ಅಂದ್ರೆ ಯಾರು?"

ಒಳಗೆ ಸೌಪರ್ಣಿಕಾಳ ತಾಯಿಯ ಧ್ವನಿ ಕೇಳಿಸಿತು: "ಅವಳ ಕೈಗಾ? ನಿನಗೆ ತಲೆ ಸರಿ ಉಂಟಾ?"

"ಹೌದಮ್ಮ, ಅವರ ಕೈಗೇ. ಅವರು ಹೇಳದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ," ಎಂದಳು ಸೌಪರ್ಣಿಕಾ.

ಕೈಕಾಲು ತೊಳೆದು, ಆಸ್ಪತ್ರೆಯ ನಿಲುವಂಗಿ ತೊಟ್ಟು ಭಾರ್ಗವಿ ಬಂದಳು. ಸೌಪರ್ಣಿಕಾ ಬಿಳಚಿಕೊಂಡಿದ್ದಳು. ಅವಳು ಕೇಳಿದಳು, "ಅಕ್ಕ, ನಾನು ಕೇಳಿದ ಕೂಡಲೇ ವಾಪಸ್ ಕೊಡ್ತೀರಲ್ಲ?"

ಅದು ತಮಾಷೆಯ ಮಾತಾಗಿರಲಿಲ್ಲ. ಭಾರ್ಗವಿಗೆ ನೋವಾಯಿತು. ಆದರೆ ಕೇಳುವ ಹಕ್ಕು ಅವಳಿಗಿತ್ತು. "ಕೊಡ್ತೇನೆ," ಎಂದಳು.

ಆಗ್ನೆಸ್ ಆ ಪುಟ್ಟ ಜೀವವನ್ನು ಅವಳ ಎದೆಯ ಮೇಲಿಟ್ಟು ಬಟ್ಟೆ ಸುತ್ತಿದರು. ಭಾರವೇ ಇಲ್ಲ, ಬರೀ ಬಿಸಿ ಉಸಿರು. ಮಗು ಒಮ್ಮೆ ಮುಖ ಉಜ್ಜಿ, ಮುಷ್ಟಿ ಬಿಚ್ಚಿ, ಅವಳ ಕೊರಳ ಕೆಳಗೆ ಅಂಗೈಯಿಟ್ಟು ನಿದ್ದೆಹೋಯಿತು. ಎಷ್ಟೋ ವರ್ಷಗಳಿಂದ ಬಿಗಿಹಿಡಿದದ್ದು ಅವಳೊಳಗೆ ಸಡಿಲವಾಗಿ ಕಣ್ಣೀರು ಸದ್ದಿಲ್ಲದೆ ಇಳಿಯಿತು. ಮಗುವಿನ ತಲೆಯ ಮೇಲೆ ಬೀಳದಿರಲೆಂದು ಮುಖವನ್ನು ಪಕ್ಕಕ್ಕೆ ತಿರುಗಿಸಿದಳು.

ಬಾಗಿಲಲ್ಲಿ ನೀರಜಾಕ್ಷಿಯಮ್ಮ ನಿಂತಿದ್ದರು. ಆ ನೋಟ ಕಂಡು ಅವರ ಮುಖ ಅರಳಿತು. "ನೋಡಿದಿಯಾ, ನಾನು ಹೇಳಿದ್ದು..." ಎಂದು ಮುಂದೆ ಬಂದರು. ಮಂಚದ ಮೇಲೆ ಸೌಪರ್ಣಿಕಾ ತಟ್ಟನೆ ಕತ್ತೆತ್ತಿದಳು.

"ಮೆಲ್ಲ ಅತ್ತೆ," ಎಂದಳು ಭಾರ್ಗವಿ. "ದೊಡ್ಡಮ್ಮನ ಎದೆಯಲ್ಲಿ ಮಗುವಿಗೆ ಈಗಷ್ಟೇ ನಿದ್ದೆ ಬಂದದ್ದು."

ನೀರಜಾಕ್ಷಿಯಮ್ಮ ಅಲ್ಲೇ ನಿಂತರು. ದೊಡ್ಡ ಸೊಸೆಯನ್ನು ನೋಡಿದರು, ಚಿಕ್ಕವಳನ್ನು ನೋಡಿದರು. ಗೋಡೆಬದಿಯ ಕುರ್ಚಿ ಎಳೆದು ಕುಳಿತು, ಸೆರಗಿನಿಂದ ಕಣ್ಣೊರೆಸಿಕೊಂಡರು. "ನಿನಗೆ ಎಂತಾದರೂ ಕುಡೀಲಿಕ್ಕೆ ತರ್ಲಾ?" ಎಂದು ಭಾರ್ಗವಿಯನ್ನು ಕೇಳಿದರು. ಅವರಿಗೆ ಕ್ಷಮೆ ಕೇಳಿ ಗೊತ್ತಿದ್ದದ್ದು ಅಷ್ಟೇ.

ಮಗು ಎಚ್ಚತ್ತು ಸಣ್ಣಗೆ ಅಳತೊಡಗಿದಾಗ ಸೌಪರ್ಣಿಕಾ ಕೈ ಚಾಚಿದಳು. ಮಾಸ್ಕ್ ಹಾಕಿಕೊಂಡು ಹಾಲೂಡಿಸಲು ಡಾಕ್ಟರು ಒಪ್ಪಿದ್ದರು. "ಕೊಡಿ ಅಕ್ಕ." ಭಾರ್ಗವಿ ಕೊಟ್ಟಳು. ಎದೆಯ ಬಿಸಿ ಒಮ್ಮೆಲೇ ಆರಿ, ಅಲ್ಲಿ ಗಾಳಿ ತಾಗಿ ಚಳಿಯೆನಿಸಿತು.

"ನಾಳೆ ಸ್ವಲ್ಪ ಬೇಗ ಬನ್ನಿ," ಎಂದಳು ಸೌಪರ್ಣಿಕಾ, ಮಗುವಿನಿಂದ ಕಣ್ಣು ತೆಗೆಯದೆ. "ಇವಳಿಗೆ ನಿಮ್ಮ ಹತ್ರ ಒಳ್ಳೆ ನಿದ್ದೆ ಬರ್ತದೆ."

ಹೊರಗೆ ಕೃಷ್ಣಕಿಶೋರ್ ಸ್ಕೂಟರಿನ ಬಳಿ ನಿಂತಿದ್ದ. ಒಳಗೆ ಬರಲು ಅವನಿಗೆ ಮುಖವಿರಲಿಲ್ಲ. ಅವನು ಸ್ಕೂಟರೇರಿದ ಮೇಲೆ ಭಾರ್ಗವಿ ಹಿಂದೆ ಕುಳಿತು ಅವನ ಬೆನ್ನಿಗೆ ಹಣೆಯಾನಿಸಿದಳು. ಅವಳ ಮೈಯಲ್ಲಿದ್ದ ಹಸುಗೂಸಿನ ವಾಸನೆ ಅವನಿಗೂ ತಾಗಿರಬೇಕು. ಕೀಲಿಯ ಮೇಲಿಟ್ಟ ಕೈಯನ್ನು ಹಿಂದೆ ತೆಗೆದ.

"ನಾಳೆ ನೀವೂ ಒಳಗೆ ಬನ್ನಿ," ಎಂದಳು ಅವಳು. "ದೊಡ್ಡಪ್ಪನನ್ನು ಅವು ಇನ್ನೂ ನೋಡ್ಲಿಲ್ಲ."

ಅವನು ಆಗಲೆಂದು ತಲೆಯಾಡಿಸಿದ. ಬಹಳ ಹೊತ್ತಿನ ನಂತರ ಸ್ಕೂಟರು ಉರ್ವದ ಕಡೆ ಹೊರಟಿತು.